ಲೀಸೆ ಮೈಟ್ನರ್‌ರವರ ಜೀವಿತ

ಪರಮಾಣುವಿನ ಮಾತು ಬಂದಾಗಲೆಲ್ಲ ಕೆಲವು ಮಹಾಪುರುಷರ ಹೆಸರುಗಳು ಜನರ ಬಾಯಲ್ಲಿ ಸುಳಿಯುವುವು. ಆ ಸಾಲಿನಲ್ಲಿ ಒಬ್ಬ ಸ್ತ್ರೀಯ ಹೆಸರೂ ಇರತಕ್ಕದ್ದೆಂಬುದು ಎಷ್ಟೋ ಕಾಲ ಮರೆತುಹೋಗಿದ್ದಿತು. ಕಣ್ಣಿಗೆ ಕಾಣದ ಕಿರಣಗಳು ಲೋಹದ ತಗಡನ್ನು ಹಾಯ್ದು ಹೋಗುವಾಗ ಎಷ್ಟು ಓರೆಯಾಗುವುವು, ಎಷ್ಟು ತಡೆಯಲ್ಪಡುವುವು, ದಾರಿಯಲ್ಲಿ ಏನನ್ನು ಕಳೆದುಕೊಳ್ಳುವುವು ಎಂಬುದನ್ನು ಅಳೆಯುವುದರಲ್ಲಿ ಲೀಸೆ ಮೈಟ್ನರ್‌ರವರು ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದರು. ಆ ಅಳತೆಯ ಕೆಲಸವನ್ನೇ ಮುಖ್ಯವಾಗಿಟ್ಟುಕೊಂಡು ಅವರ ಚರಿತ್ರೆಯನ್ನು ಸಂಗ್ರಹವಾಗಿ ವಾಚಕರ ಮುಂದಿಡುತ್ತೇವೆ.

ಆಸ್ಟ್ರಿಯ ದೇಶದ ರಾಜಧಾನಿಯಾದ ವಿಯೆನ್ನಾ ನಗರದಲ್ಲಿ ೧೮೭೮ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಲೀಸೆಯು ಹುಟ್ಟಿದಳು. ತಂದೆಯಾದ ಫಿಲಿಪ್ ಮೈಟ್ನರ್‌ರವರು ವಕೀಲರು. ಮನೆಯಲ್ಲಿ ಎಂಟು ಮಂದಿ ಮಕ್ಕಳು, ಈಕೆಯು ಮೂರನೆಯವಳು. ಆ ಕಾಲದಲ್ಲಿ ಅಲ್ಲಿಯ ಹೆಣ್ಣುಮಕ್ಕಳಿಗೆ ಹದಿನಾಲ್ಕನೆಯ ವಯಸ್ಸಿಗೆ ಸರಕಾರದ ಪಾಠಶಾಲೆಯು ಮುಗಿದುಹೋಗುತ್ತಿದ್ದಿತು. ಮುಂದೆ ಗಂಡುಮಕ್ಕಳು ಓದುವ ಪ್ರೌಢಶಾಲೆಗೆ ಅವರಿಗೆ ಪ್ರವೇಶವಿರಲಿಲ್ಲ. ೧೮೯೭ರಲ್ಲಿ ವಿಶ್ವವಿದ್ಯಾಲಯದ ಬಾಗಿಲು ಸ್ತ್ರೀಯರಿಗೆ ತೆರೆಯಿತಾದರೂ, ಒಳಗೆ ಹೋಗಬೇಕಾದರೆ ಆ ಪ್ರೌಢಶಾಲೆಯ ಪರೀಕ್ಷೆಯನ್ನೇ ಕೊಡಬೇಕಾಗಿದ್ದಿತು. ಏಣಿಯನ್ನು ತೆಗೆದಿಟ್ಟು ಅಟ್ಟದ ಬಾಗಿಲನ್ನು ತೆರೆದಂತಾಯಿತು.

ಮಗಳು ತನ್ನ ಕಾಲ ಮೇಲೆ ನಿಲ್ಲುವಂತಾಗಲಿ ಎಂದು ತಂದೆಯು ಮೊದಲು ಫ್ರೆಂಚ್ ಭಾಷೆಯ ಉಪಾಧ್ಯಾಯಿನಿಯ ಶಿಕ್ಷಣವನ್ನು ಕೊಡಿಸಿದರು. ಅದು ಮುಗಿದ ಮೇಲೆ ಮನೆಪಾಠಕ್ಕೆ ಏರ್ಪಾಡು ಮಾಡಿದರು. ಗಂಡುಮಕ್ಕಳು ಎಂಟು ವರ್ಷ ಓದುವುದನ್ನು ಲೀಸೆಯು ಸುಮಾರು ಎರಡು ವರ್ಷಗಳಲ್ಲಿ ಓದಿ ಮುಗಿಸಿದಳು. ಪುಸ್ತಕವಿಲ್ಲದೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದರೂ ತಮ್ಮ ತಂಗಿಯರು, ಇನ್ನು ಇವಳು ಪಾಸಾದ ಹಾಗೆಯೇ ಎಂದು ಹಾಸ್ಯ ಮಾಡುತ್ತಿದ್ದರಂತೆ. ೧೯೦೧ರಲ್ಲಿ ಹದಿನಾಲ್ಕು ಮಂದಿ ಹುಡುಗಿಯರು ಆ ಪರೀಕ್ಷೆಗೆ ಕುಳಿತರು, ತೇರ್ಗಡೆಯಾದವರು ನಾಲ್ವರು. ಅವರಲ್ಲಿ ಲೀಸೆಯು ಒಬ್ಬಳು. ಆಗ ಆಕೆಗೆ ಇಪ್ಪತ್ತೆರಡು ವರ್ಷ.

ವಿಶ್ವವಿದ್ಯಾಲಯದಲ್ಲಿ ಲುಡ್ವಿಗ್ ಬೋಲ್ಟ್ಸ್‌ಮನ್ ಎಂಬ ಮಹಾಪಂಡಿತರ ಉಪನ್ಯಾಸಗಳನ್ನು ಕೇಳುವ ಭಾಗ್ಯವು ದೊರೆಯಿತು. ಭೌತಶಾಸ್ತ್ರವೇ ತನ್ನ ಬಾಳಿನ ಕೆಲಸವೆಂಬ ನಿಶ್ಚಯವು ಅಲ್ಲಿ ಹುಟ್ಟಿತು. ೧೯೦೬ರಲ್ಲಿ ಮೈಟ್ನರ್‌ರವರಿಗೆ ಡಾಕ್ಟರ್ ಪದವಿ ಬಂದಿತು. ಆ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರಕ್ಕಾಗಿ ಈ ಪದವಿಯನ್ನು ಪಡೆದ ಸ್ತ್ರೀಯರಲ್ಲಿ ಇವರು ಎರಡನೆಯವರು. ಅದೇ ವರ್ಷ ಬೋಲ್ಟ್ಸ್‌ಮನ್‌ರವರು ಅಕಾಲದಲ್ಲಿ ತೀರಿಕೊಂಡರು. ಆ ದುಃಖದ ದಿನಗಳಲ್ಲಿ ಸ್ಟೆಫಾನ್ ಮೇಯರ್ ಎಂಬವರು ಮೈಟ್ನರ್‌ರವರಿಗೆ ರೇಡಿಯಂ ಮುಂತಾದ ಪದಾರ್ಥಗಳಿಂದ ಹೊರಡುವ ಕಿರಣಗಳ ಪರಿಚಯವನ್ನು ಮಾಡಿಸಿದರು.

ಈ ಕಿರಣಗಳಲ್ಲಿ ಮೂರು ವಿಧ. ಆಲ್ಫಾ ಎಂಬುದು ಭಾರವಾದ ಕಣಗಳ ಪ್ರವಾಹ. ಒಂದು ಕಾಗದವೇ ಅದನ್ನು ತಡೆಯಬಲ್ಲದು. ಬೀಟಾ ಎಂಬುದು ಎಲೆಕ್ಟ್ರಾನ್ ಎಂಬ ಅತಿ ಹಗುರವಾದ ವಿದ್ಯುತ್ಕಣಗಳ ಪ್ರವಾಹ; ತೆಳ್ಳನೆಯ ಅಲ್ಯುಮಿನಿಯಂ ತಗಡನ್ನು ಹಾಯ್ದು ಹೋಗುವುದು. ಗಾಮಾ ಎಂಬುದು ಬೆಳಕಿನ ಜಾತಿಯದು. ಸೀಸದ ಗಟ್ಟಿಯೊಳಗೂ ನುಗ್ಗುವುದು. ಆಲ್ಫಾ ಕಿರಣವು ಲೋಹವನ್ನು ಹಾಯುವಾಗ ನೆಟ್ಟಗೆ ಹೋಗುವುದೋ ಚದರುವುದೋ ಎಂಬ ಪ್ರಶ್ನೆಯು ಆಗ ಇನ್ನೂ ಹೊಸದು. ಮೈಟ್ನರ್‌ರವರು ಆಲ್ಫಾ ಕಿರಣಗಳನ್ನು ಇಕ್ಕಟ್ಟಾದ ದಾರಿಯಲ್ಲಿ ಹಾಯಿಸಿ, ಒಂದೇ ದಿಕ್ಕಿಗೆ ಹೋಗುವಂತೆ ಮಾಡಿ, ಅಡ್ಡಲಾಗಿ ಲೋಹದ ರೇಕುಗಳನ್ನಿಟ್ಟು ಅಳೆದರು. ಕಿರಣಗಳು ಚದರುತ್ತಿದ್ದವು, ಲೋಹದ ಪರಮಾಣುವು ಭಾರವಾದಷ್ಟೂ ಹೆಚ್ಚಾಗಿ ಚದರುತ್ತಿದ್ದವು. ಇದು ೧೯೦೭ರಲ್ಲಿ ಪ್ರಕಟವಾಯಿತು. ನಾಲ್ಕು ವರ್ಷಗಳ ಮೇಲೆ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಇಂಥ ಚದರುವಿಕೆಯ ಅಳತೆಗಳಿಂದಲೇ ರದರ್‌ಫರ್ಡ್‌ರವರು ಪರಮಾಣುವಿನ ನಡುವೆ ಅತಿ ಸಣ್ಣದಾದ ಒಂದು ಬೀಜವಿರುವುದೆಂದು ತೋರಿಸಿದರು.

೧೯೦೭ರಲ್ಲಿ ತಂದೆಯು ಕೊಟ್ಟ ಸ್ವಲ್ಪ ಹಣದೊಡನೆ ಮೈಟ್ನರ್‌ರವರು ಬರ್ಲಿನಿಗೆ ಹೋದರು. ಕೆಲವು ತಿಂಗಳಿರಬೇಕೆಂದು ಹೋದವರು ಮೂವತ್ತೊಂದು ವರ್ಷ ಅಲ್ಲಿಯೇ ಉಳಿದರು. ಮಾಕ್ಸ್ ಪ್ಲಾಂಕ್‌ರವರ ಉಪನ್ಯಾಸಗಳಿಗೆ ಕುಳಿತುಕೊಳ್ಳಲು ಅಪ್ಪಣೆ ಸಿಕ್ಕಿತು. ಓಟೋ ಹಾನ್ ಎಂಬ ರಸಾಯನಶಾಸ್ತ್ರಜ್ಞರು ಜೊತೆಯಲ್ಲಿ ಕೆಲಸ ಮಾಡಲು ಒಪ್ಪಿದರು. ತೊಡಕಾದದ್ದು ಸ್ಥಳದ ವಿಷಯದಲ್ಲಿ. ರಸಾಯನಶಾಲೆಯ ಮುಖ್ಯಸ್ಥರಾದ ಎಮಿಲ್ ಫಿಷರ್‌ರವರು ಸ್ತ್ರೀಯರನ್ನು ಒಳಗೆ ಬಿಡುತ್ತಿರಲಿಲ್ಲ. ಹೆಂಗಸರ ತಲೆಗೂದಲಿಗೆ ಬೆಂಕಿ ತಗಲೀತೆಂಬುದು ಅವರ ಭಯವಾಗಿದ್ದಿತಂತೆ. ಅವರ ಸ್ವಂತ ಗಡ್ಡಕ್ಕೆ ಆ ಭಯವಿರಲಿಲ್ಲವೆಂದು ತೋರುತ್ತದೆ. ಕಡೆಗೆ ನೆಲಮಾಳಿಗೆಯಲ್ಲಿ ಬಡಗಿಗಳ ಕೆಲಸಕ್ಕೆಂದು ಕಟ್ಟಿದ್ದ ಒಂದು ಕೋಣೆಯನ್ನು ಕೊಟ್ಟರು. ಅದಕ್ಕೆ ಹೊರಗಿನಿಂದ ಬೇರೆ ಬಾಗಿಲಿದ್ದಿತು. ಮೇಲಿನ ಅಂತಸ್ತಿಗೆ ಮೈಟ್ನರ್‌ರವರು ಕಾಲಿಡುವಂತಿರಲಿಲ್ಲ. ಶೌಚಕ್ಕೆ ಸಹ ಬೀದಿಯಲ್ಲಿದ್ದ ಹೋಟೆಲಿಗೆ ಹೋಗಬೇಕಾಗಿದ್ದಿತು. ಇಬ್ಬರೂ ಜೊತೆಯಾಗಿ ನಡೆದು ಬರುವಾಗ ಕೆಲವರು ಹಾನ್‌ರವರಿಗೆ ಮಾತ್ರ ವಂದಿಸಿ ಮುಂದೆ ಹೋಗುತ್ತಿದ್ದರು. ೧೯೦೮ರಲ್ಲಿ ಪ್ರಷ್ಯದ ವಿಶ್ವವಿದ್ಯಾಲಯಗಳು ಸ್ತ್ರೀಯರಿಗೆ ತೆರೆದ ಮೇಲೆಯೇ ಈ ನಿರ್ಬಂಧವು ತಪ್ಪಿತು.

ಆ ಬಡಗಿಯ ಕೋಣೆಯಲ್ಲಿ ನಡೆದ ಕೆಲಸವೇನು? ವಿದ್ಯುದ್ದರ್ಶಕವೆಂಬ ಒಂದು ಸಣ್ಣ ಉಪಕರಣದಲ್ಲಿ ತೆಳುವಾದ ಲೋಹದ ಎಲೆಯೊಂದು ವಿದ್ಯುತ್ತು ತುಂಬಿದಾಗ ತನ್ನ ಕಡ್ಡಿಯಿಂದ ಅಗಲಿ ನಿಲ್ಲುವುದು. ಬಳಿಯಲ್ಲಿ ಕಿರಣ ಸೂಸುವ ಪದಾರ್ಥವನ್ನಿಟ್ಟರೆ, ಕಿರಣಗಳು ಗಾಳಿಯ ಅಣುಗಳನ್ನು ಒಡೆದು ವಿದ್ಯುತ್ತನ್ನು ಹೊತ್ತ ಅಯಾನುಗಳನ್ನಾಗಿ ಮಾಡುವುವು. ಆಗ ಎಲೆಯ ವಿದ್ಯುತ್ತು ಸೋರಿ ಎಲೆಯು ಮೆಲ್ಲನೆ ಕೆಳಗಿಳಿಯುವುದು. ಇಳಿಯುವ ವೇಗವೇ ಕಿರಣದ ಅಳತೆ. ಪದಾರ್ಥದ ಮೇಲೆ ಅಲ್ಯುಮಿನಿಯಂ ತಗಡುಗಳನ್ನು ಒಂದೊಂದಾಗಿ ಹೊದಿಸುತ್ತ, ಪ್ರತಿಸಲವೂ ಎಲೆಯು ಎಷ್ಟು ಹೊತ್ತಿನಲ್ಲಿ ಇಳಿಯಿತೆಂದು ಗಡಿಯಾರ ಹಿಡಿದು ನೋಡಬೇಕು. ಅಡಿಗೆಮನೆಯಲ್ಲಿ ಹಾಲು ಉಕ್ಕುವುದನ್ನು ಕಾಯುವಷ್ಟೇ ಎಚ್ಚರ ಇದಕ್ಕೂ ಬೇಕು. ಅದೂ ದಿನವಿಡೀ, ವರ್ಷಗಟ್ಟಳೆ.

ಹಾನ್‌ರವರೂ ಮೈಟ್ನರ್‌ರವರೂ ಒಂದು ಎಣಿಕೆಯನ್ನಿಟ್ಟುಕೊಂಡಿದ್ದರು. ಶುದ್ಧವಾದ ಒಂದೊಂದು ಪದಾರ್ಥವೂ ಒಂದೇ ವೇಗದ ಬೀಟಾ ಕಿರಣವನ್ನು ಕೊಡುವುದು, ಅಂಥ ಕಿರಣದಿಂದ ಪ್ರತಿಯೊಂದು ತಗಡೂ ಉಳಿದುದರಲ್ಲಿ ಒಂದೇ ಪಾಲನ್ನು ಹೀರುವುದು, ಎಂದರೆ ಮೊದಲನೆಯ ತಗಡು ಅರ್ಧವನ್ನು ಹೀರಿದರೆ ಎರಡನೆಯದು ಮಿಕ್ಕ ಅರ್ಧದಲ್ಲಿ ಅರ್ಧವನ್ನು ಹೀರುವುದು ಎಂದು ಅವರ ಎಣಿಕೆ. ಅಳತೆಗಳು ಹಲವು ಕಡೆ ಇದಕ್ಕೆ ಹೊಂದಿಕೊಂಡವು. ಆದರೆ ೧೯೦೯ರಲ್ಲಿ ಮ್ಯಾಂಚೆಸ್ಟರಿನ ವಿಲಿಯಂ ವಿಲ್ಸನ್‌ರವರು ಅಯಸ್ಕಾಂತದಿಂದ ಒಂದೇ ವೇಗದ ಎಲೆಕ್ಟ್ರಾನುಗಳನ್ನು ಆರಿಸಿ ತಗಡಿನೊಳಕ್ಕೆ ಬಿಟ್ಟಾಗ ಅವು ಆ ನಿಯಮವನ್ನು ಅನುಸರಿಸಲಿಲ್ಲ. ನಿಯಮವನ್ನು ಅನುಸರಿಸುವಂತೆ ಕಂಡದ್ದು ನಾನಾ ವೇಗಗಳ ಬೆರಕೆ! ಬರ್ಲಿನಿನವರು ಹಟ ಹಿಡಿಯಲಿಲ್ಲ. ಓಟೋ ಫೊನ್ ಬಾಯರ್‌ರವರನ್ನು ಸೇರಿಸಿಕೊಂಡು, ತಾವೂ ಅಯಸ್ಕಾಂತದಿಂದ ಕಿರಣಗಳನ್ನು ಬಾಗಿಸಿ ಛಾಯಾಚಿತ್ರದ ಫಲಕದ ಮೇಲೆ ಬೀಳಿಸಿದರು. ಒಂದು ಗೆರೆ ಕಾಣಬೇಕಾದಲ್ಲಿ ಹಲವು ಗೆರೆಗಳು ಕಂಡವು. ಹಳೆಯ ಎಣಿಕೆಯು ಬಿದ್ದುಹೋಯಿತು.

೧೯೧೨ರಲ್ಲಿ ಪ್ಲಾಂಕ್‌ರವರು ಮೈಟ್ನರ್‌ರವರನ್ನು ತಮ್ಮ ಸಹಾಯಕಿಯಾಗಿ ನೇಮಿಸಿದರು. ಐದು ವರ್ಷದ ದುಡಿಮೆಯ ಮೇಲೆ ಅದು ಮೊದಲ ಸಂಬಳ. ಮೊದಲನೆಯ ಮಹಾಯುದ್ಧದಲ್ಲಿ ಅವರು ಆಸ್ಟ್ರಿಯದ ಸೇನೆಯ ಆಸ್ಪತ್ರೆಗಳಲ್ಲಿ ಎಕ್ಸ್‌ರೇ ಕೆಲಸ ಮಾಡಿದರು. ಮರಳಿ ಬಂದು ೧೯೧೮ರಲ್ಲಿ ಹಾನ್‌ರವರೊಡನೆ ಪ್ರೊಟಾಕ್ಟಿನಿಯಂ ಎಂಬ ಮೂಲವಸ್ತುವಿನ ಶೋಧವನ್ನು ಪ್ರಕಟಿಸಿದರು. ೧೯೨೨ರಲ್ಲಿ ವಿಶ್ವದ ಭೌತಶಾಸ್ತ್ರದ ಮೇಲೆ ಅವರು ಮಾಡಿದ ಉಪನ್ಯಾಸವನ್ನು ಒಂದು ವೃತ್ತಪತ್ರಿಕೆಯು ಮುಖಾಲಂಕಾರದ ಭೌತಶಾಸ್ತ್ರವೆಂದು ಅಚ್ಚು ಹಾಕಿತು. ಆ ಭಾಷೆಯಲ್ಲಿ ಎರಡು ಮಾತುಗಳೂ ಒಂದೇ ಬಗೆಯಾಗಿ ಕೇಳಿಸುತ್ತವೆ. ಆದರೂ ಉಪನ್ಯಾಸಕರು ಗಂಡಸಾಗಿದ್ದರೆ ಈ ತಪ್ಪು ಆಗುತ್ತಿದ್ದಿತೋ ಇಲ್ಲವೋ, ವಾಚಕಿಯರೇ ಹೇಳಬೇಕು.

ಈಗ ಅವರ ಜೀವಿತದಲ್ಲಿ ನಮಗೆ ಅತ್ಯಂತ ದೊಡ್ಡದೆಂದು ತೋರುವ ಸಂಗತಿಗೆ ಬರುತ್ತೇವೆ. ಬೀಟಾ ಎಲೆಕ್ಟ್ರಾನುಗಳು ನಾನಾ ವೇಗಗಳಿಂದ ಹೊರಡುವುದೇಕೆ? ಮೈಟ್ನರ್‌ರವರ ಅಭಿಪ್ರಾಯದಲ್ಲಿ, ಅವೆಲ್ಲವೂ ಪರಮಾಣುಬೀಜದಿಂದ ಒಂದೇ ಶಕ್ತಿಯೊಡನೆ ಹೊರಟು, ಆಮೇಲೆ ದಾರಿಯಲ್ಲಿ ಒಂದೊಂದೂ ಬೇರೆ ಬೇರೆಯಾಗಿ ಶಕ್ತಿಯನ್ನು ಕಳೆದುಕೊಳ್ಳುತ್ತಿದ್ದವು. ಕೇಂಬ್ರಿಡ್ಜಿನ ಚಾರ್ಲ್ಸ್ ಎಲಿಸ್‌ರವರು ಇದನ್ನು ಒಪ್ಪಲಿಲ್ಲ. ಹೊರಡುವಾಗಲೇ ಶಕ್ತಿಯು ಬೇರೆ ಬೇರೆ ಎಂದರು. ವಾದವು ವರ್ಷಗಳ ಕಾಲ ನಡೆಯಿತು. ೧೯೨೭ರಲ್ಲಿ ಎಲಿಸ್‌ರವರೂ ವೂಸ್ಟರ್‌ರವರೂ ರೇಡಿಯಂ ಇ ಎಂಬ ಪದಾರ್ಥವನ್ನು ಎಲೆಕ್ಟ್ರಾನುಗಳು ಹೊರಗೆ ಬಾರದಂತೆ ಲೋಹದೊಳಗೆ ಮುಚ್ಚಿಟ್ಟು, ಹುಟ್ಟಿದ ಬಿಸಿಯನ್ನು ಅಳೆದರು. ದಾರಿಯಲ್ಲಿ ಕಳೆದುಹೋದ ಶಕ್ತಿಯೂ ಬಿಸಿಯಾಗಿ ಅಲ್ಲಿಯೇ ಸಿಕ್ಕಬೇಕಲ್ಲವೇ? ಮೈಟ್ನರ್‌ರವರ ಮಾತು ಸರಿಯಾದರೆ ಒಂದೊಂದು ಪರಮಾಣುವಿಗೆ ಸುಮಾರು ಹತ್ತೂವರೆ ಲಕ್ಷ ಎಲೆಕ್ಟ್ರಾನ್ ವೋಲ್ಟಿನಷ್ಟು ಬಿಸಿ ಬರಬೇಕಾಗಿದ್ದಿತು. ಬಂದದ್ದು ಸುಮಾರು ಮೂರೂವರೆ ಲಕ್ಷ ಮಾತ್ರ.

ಇದನ್ನು ಮೈಟ್ನರ್‌ರವರು ನಂಬಲಿಲ್ಲ. ವಿಲ್ಹೆಲ್ಮ್ ಓರ್ಟ್‌ಮನ್‌ರವರ ಸಹಾಯದಿಂದ, ಇನ್ನೂ ನಯವಾದ ಉಪಕರಣವನ್ನು ಕಟ್ಟಿ, ಎದುರಾಳಿಯ ಪ್ರಯೋಗವನ್ನು ತಾವೇ ಮಾಡಿ ನೋಡಿದರು. ಬಂದ ಉತ್ತರ ೩,೩೭,೦೦೦. ಎಲಿಸ್‌ರವರೇ ಸರಿ. ೧೯೨೯ರಲ್ಲಿ ಅವರಿಗೆ ಪತ್ರ ಬರೆದು ಮೈಟ್ನರ್‌ರವರು ಇದನ್ನು ಸಂಪೂರ್ಣವಾಗಿ ಒಪ್ಪಿಕೊಂಡರು. ಮರುವರ್ಷ ಎಲ್ಲರೂ ಓದುವಂತೆ ಅಚ್ಚಿನಲ್ಲಿಯೂ ಹಾಕಿಸಿದರು. ತನ್ನ ಇಷ್ಟು ವರ್ಷದ ಮತವನ್ನು ತನ್ನ ಕೈಯಾರೆ ಅಳೆದು ಕೆಡವುವುದು ಸಾಮಾನ್ಯವಲ್ಲ. ಶಕ್ತಿಯು ಎಲ್ಲಿ ಹೋಗುತ್ತಿದೆ ಎಂಬ ಪ್ರಶ್ನೆಯು ಈಗ ತಪ್ಪಿಸಿಕೊಳ್ಳಲಾರದಂತೆ ಎದುರಿಗೆ ನಿಂತಿತು. ೧೯೩೦ರ ಡಿಸೆಂಬರಿನಲ್ಲಿ ವೊಲ್ಫ್‌ಗಾಂಗ್ ಪೌಲಿಯವರು, ಮೈಟ್ನರ್‌ರವರು ಹೋಗಿದ್ದ ಟ್ಯೂಬಿಂಗೆನ್ ಸಭೆಗೆ ಒಂದು ಪತ್ರವನ್ನು ಕಳುಹಿಸಿ, ವಿದ್ಯುತ್ತಿಲ್ಲದ, ಯಾವ ಉಪಕರಣಕ್ಕೂ ಸಿಕ್ಕದ ಮತ್ತೊಂದು ಕಣವು ಉಳಿದ ಶಕ್ತಿಯನ್ನು ಹೊತ್ತುಕೊಂಡು ಹೋಗುತ್ತಿರಬಹುದೆಂದು ಸೂಚಿಸಿದರು. ನ್ಯೂಟ್ರಿನೋ ಎಂದು ಆಮೇಲೆ ಹೆಸರಾದ ಈ ಕಣವು ಪ್ರಯೋಗಕ್ಕೆ ಸಿಕ್ಕಿದ್ದು ೧೯೫೬ರಲ್ಲಿ.

ಅದೇ ೧೯೩೦ರಲ್ಲಿ ಹುಪ್‌ಫೆಲ್ಡ್‌ರವರೊಡನೆ ಗಾಮಾ ಕಿರಣಗಳನ್ನು ಅಳೆದಾಗ, ಹಗುರವಾದ ಮೂಲವಸ್ತುಗಳು ಲೆಕ್ಕಕ್ಕೆ ಸರಿಯಾಗಿಯೂ ಸೀಸದಂಥ ಭಾರವಾದವು ಲೆಕ್ಕಕ್ಕಿಂತ ಹೆಚ್ಚಾಗಿಯೂ ಕಿರಣವನ್ನು ಹೀರುವುದು ಕಂಡುಬಂದಿತು. ಭಾರವಾದ ಪರಮಾಣುವಿನ ಬಳಿ ಗಾಮಾ ಕಿರಣವು ಎಲೆಕ್ಟ್ರಾನ್, ಪಾಸಿಟ್ರಾನ್ ಎಂಬ ಜೋಡಿಕಣಗಳಾಗಿ ಮಾರ್ಪಡುವುದೇ ಇದಕ್ಕೆ ಮುಖ್ಯ ಕಾರಣವೆಂದು ಕೆಲವು ವರ್ಷಗಳಲ್ಲಿ ತಿಳಿಯಿತು.

ಹೀಗಿರಲಾಗಿ ೧೯೩೩ರಲ್ಲಿ ಹಿಟ್ಲರನ ಆಳಿಕೆಯು ಬಂದಿತು. ಮೈಟ್ನರ್‌ರವರದು ಯೆಹೂದ್ಯ ಮನೆತನ. ೧೯೦೮ರಲ್ಲಿಯೇ ಅವರು ದೀಕ್ಷಾಸ್ನಾನವನ್ನು ಹೊಂದಿದ್ದರೂ ಹೊಸ ಕಾನೂನು ಅದನ್ನು ಲಕ್ಷಿಸಲಿಲ್ಲ. ವಿಶ್ವವಿದ್ಯಾಲಯದಲ್ಲಿ ಕಲಿಸುವ ಹಕ್ಕು ಹೋಯಿತು. ಆಸ್ಟ್ರಿಯದ ಪ್ರಜೆಯಾದುದರಿಂದ ಸಂಶೋಧನಾಲಯದ ಕೆಲಸ ಮಾತ್ರ ಉಳಿಯಿತು. ಆಗಲೇ ಹೊರಟುಹೋಗದೆ ನಿಂತದ್ದು ತಪ್ಪಾಯಿತೆಂದು ಯುದ್ಧವು ಮುಗಿದ ಮೇಲೆ ಅವರು ತಮ್ಮನ್ನೇ ದೂಷಿಸಿಕೊಂಡರು. ೧೯೩೮ರ ಮಾರ್ಚಿಯಲ್ಲಿ ಜರ್ಮನಿಯು ಆಸ್ಟ್ರಿಯವನ್ನು ನುಂಗಿದ ಕೂಡಲೇ ಆ ಆಸರೆಯೂ ತಪ್ಪಿತು. ಜುಲೈ ೧೩ರಂದು ಹಾಲೆಂಡಿನ ಡಿರ್ಕ್ ಕೋಸ್ಟರ್‌ರವರ ಜೊತೆಯಲ್ಲಿ ರೈಲಿನಲ್ಲಿ ಗಡಿಯನ್ನು ದಾಟಿದರು. ಕೈಯಲ್ಲಿ ಹತ್ತು ಮಾರ್ಕುಗಳು, ಮತ್ತು ಹಾನ್‌ರವರು ಆಪತ್ಕಾಲಕ್ಕೆಂದು ಕೊಟ್ಟ ತಮ್ಮ ತಾಯಿಯ ವಜ್ರದ ಉಂಗುರ. ಅರುವತ್ತು ವರ್ಷ ಸಮೀಪಿಸಿದ್ದ ಹೆಂಗಸು ಹೀಗೆ ಸ್ವೀಡನ್ ದೇಶವನ್ನು ಸೇರಿದರು. ಅಲ್ಲಿ ಇರಲು ಸ್ಥಳವಿದ್ದಿತು. ಉಪಕರಣಗಳೂ ಸಹಾಯಕರೂ ಇರಲಿಲ್ಲ.

ಆ ವರ್ಷದ ಕ್ರಿಸ್ಮಸ್ ಸಮಯದಲ್ಲಿ ಹಾನ್‌ರವರ ಪತ್ರವು ಬಂದಿತು. ಯುರೇನಿಯಂ ಮೇಲೆ ನ್ಯೂಟ್ರಾನ್ ಎಂಬ ಕಣಗಳನ್ನು ಹಾಯಿಸುವ ಕೆಲಸವನ್ನು ಮೈಟ್ನರ್‌ರವರೇ ೧೯೩೪ರಲ್ಲಿ ಹಾನ್‌ರವರಿಗೆ ಒತ್ತಾಯಮಾಡಿ ಆರಂಭಿಸಿದ್ದರು. ಫ್ರಿಟ್ಸ್ ಸ್ಟ್ರಾಸ್‌ಮನ್‌ರವರೂ ಕೂಡಿಕೊಂಡಿದ್ದರು. ಈಗ ಆ ಯುರೇನಿಯಂನಲ್ಲಿ ಬೇರಿಯಂ ಕಾಣುತ್ತಿದೆ, ಹೇಗೆಂದು ತಿಳಿಯದು ಎಂಬುದು ಪತ್ರದ ಸಾರ. ಕುಂಗೆಲ್ವ್ ಎಂಬ ಊರಿನಲ್ಲಿ ಅಕ್ಕನ ಮಗನಾದ ಓಟೋ ಫ್ರಿಶ್‌ರವರೊಡನೆ ಹಿಮದಲ್ಲಿ ನಡೆಯುತ್ತ, ಮರದ ದಿಮ್ಮಿಯ ಮೇಲೆ ಕುಳಿತು ಕಾಗದದ ಚೂರಿನಲ್ಲಿ ಮೈಟ್ನರ್‌ರವರು ಲೆಕ್ಕ ಹಾಕಿದರು. ಪರಮಾಣುಬೀಜವು ನೀರಿನ ಹನಿಯಂತೆ ನೀಳವಾಗಿ, ನಡುವೆ ಸಣ್ಣಗಾಗಿ, ಎರಡಾಗಬಲ್ಲದು. ಹೋಳುಗಳ ತೂಕವು ಮೊದಲಿನ ತೂಕಕ್ಕಿಂತ ಸ್ವಲ್ಪ ಕಡಿಮೆ. ಆ ಕೊರತೆಯೇ ಶಕ್ತಿ, ಸುಮಾರು ಇಪ್ಪತ್ತು ಕೋಟಿ ಎಲೆಕ್ಟ್ರಾನ್ ವೋಲ್ಟು. ಒಂದು ಆಲ್ಫಾ ಕಣದಲ್ಲಿರುವುದು ಐವತ್ತು ಲಕ್ಷದ ಸುಮಾರು. ೧೯೩೯ರ ಜನವರಿಯಲ್ಲಿ ಕೋಪನ್‌ಹೇಗನಿನಲ್ಲಿ ಫ್ರಿಶ್‌ರವರು ಯುರೇನಿಯಂ ಬಳಿದ ಪೆಟ್ಟಿಗೆಯೊಳಗೆ ಆ ಹೋಳುಗಳು ಗಾಳಿಯಲ್ಲಿ ಎಷ್ಟು ಅಯಾನುಗಳನ್ನು ಹುಟ್ಟಿಸುವುವೆಂದು ನೋಡಿದರು. ಹಿಂದೆ ಯಾರೂ ಕಾಣದಷ್ಟು ದೊಡ್ಡ ಮಿಡಿತಗಳು ಕಂಡುಬಂದವು. ಬಡಗಿಯ ಕೋಣೆಯಲ್ಲಿ ಎಲೆಯನ್ನು ಇಳಿಸುತ್ತಿದ್ದದ್ದೂ ಇದೇ ಅಯಾನುಗಳೇ.

೧೯೪೪ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ಹಾನ್‌ರವರೊಬ್ಬರಿಗೇ ಸಂದಿತು. ಬೇರಿಯಂ ಗುರುತಿಸಿದ ರಸಾಯನದ ಕೆಲಸವು ಘನವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾಲ್ಕು ವರ್ಷ ಆ ಕೆಲಸವನ್ನು ನಡೆಸಿ, ಅದರ ಅರ್ಥವನ್ನೂ ಹೇಳಿದವರನ್ನು ಬಿಟ್ಟುಬಿಟ್ಟದ್ದು ನ್ಯಾಯವೆಂದು ನಾವು ಒಪ್ಪಲಾರೆವು. ಮೈಟ್ನರ್‌ರವರು ಈ ವಿಷಯದಲ್ಲಿ ಬಹಿರಂಗವಾಗಿ ದೂರಲಿಲ್ಲ. ಬಾಂಬನ್ನು ಮಾಡುವ ಕೆಲಸಕ್ಕೆ ಕರೆ ಬಂದಾಗ ಮಾತ್ರ ಒಲ್ಲೆನೆಂದು ಖಂಡಿತವಾಗಿ ಹೇಳಿದ್ದರು. ೧೯೬೬ರಲ್ಲಿ ಅಮೆರಿಕದ ಎನ್ರಿಕೊ ಫರ್ಮಿ ಬಹುಮಾನವನ್ನು ಹಾನ್, ಮೈಟ್ನರ್, ಸ್ಟ್ರಾಸ್‌ಮನ್ ಮೂವರಿಗೂ ಹಂಚಿದರು.

೧೯೬೦ರಲ್ಲಿ ಅವರು ಇಂಗ್ಲೆಂಡಿಗೆ ಬಂದು ಕೇಂಬ್ರಿಡ್ಜಿನಲ್ಲಿ ನೆಲೆಸಿದ್ದರು. ೧೯೬೮ರ ಅಕ್ಟೋಬರ್ ೨೭ರಂದು, ತೊಂಬತ್ತು ತುಂಬಲು ಕೆಲವೇ ದಿನಗಳಿರುವಾಗ ತೀರಿಕೊಂಡರು. ಬ್ರಾಮ್ಲಿ ಎಂಬ ಹಳ್ಳಿಯ ಚರ್ಚಿನ ಬಳಿ, ಕಿರಿಯ ತಮ್ಮನ ಸಮಾಧಿಯ ಮಗ್ಗುಲಲ್ಲಿ ಅವರನ್ನು ಹೂಳಿದರು. ೧೯೮೨ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ ಬಿಸ್ಮತ್ ಲೋಹದ ತೆಳು ಫಲಕದ ಮೇಲೆ ಕಬ್ಬಿಣದ ಅಯಾನುಗಳನ್ನು ಮಹಾವೇಗದಿಂದ ಹಾಯಿಸಿ, ನೂರ ಒಂಬತ್ತನೆಯ ಮೂಲವಸ್ತುವಿನ ಒಂದೇ ಒಂದು ಪರಮಾಣುವನ್ನು ಪಡೆದರು. ಅದಕ್ಕೆ ಮೈಟ್ನೇರಿಯಂ ಎಂಬ ಹೆಸರು ೧೯೯೭ರಲ್ಲಿ ಸ್ಥಿರವಾಯಿತು.