ಠಾಣೆಯ ರಕ್ತಸಾಕ್ಷಿ: ತೊಲೆಂತಿನೋದ ಪುನೀತ ತೋಮಸರು

ಈ ಭಾಗದ ಕ್ರೈಸ್ತ ಚರಿತ್ರೆಯನ್ನು ನಮ್ಮಲ್ಲಿ ಅನೇಕರು ಪೋರ್ಚುಗೀಸರಿಂದಲೇ ಆರಂಭಿಸುವುದುಂಟು. ಆದರೆ ಸಂತ ಫ್ರಾನ್ಸಿಸ್ ಝೇವಿಯರರು ಗೋವೆಗೆ ಬರುವುದಕ್ಕೆ 221 ವರ್ಷಗಳ ಮುಂಚೆ, ಕ್ರಿ.ಶ. 1321ರಲ್ಲಿ, ಇದೇ ಪಡುವಣ ಕರಾವಳಿಯ ಠಾಣೆಯಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳು ಪ್ರಭು ಯೇಸುವಿಗಾಗಿ ರಕ್ತ ಸುರಿಸಿದರು. ಅವರಲ್ಲಿ ಹಿರಿಯರೇ ಪುನೀತ ತೋಮಸರು.

ಇಟಲಿಯ ತೊಲೆಂತಿನೋ ಪಟ್ಟಣ ಅವರ ಹುಟ್ಟೂರು. ಎಳೆಯ ವಯಸ್ಸಿನಲ್ಲೇ ಅವರು ಅಸ್ಸಿಸಿಯ ಸಂತ ಫ್ರಾನ್ಸಿಸರ ಸಭೆಯನ್ನು ಸೇರಿದರು. ಆಗ ಆ ಸಭೆಯೊಳಗೆ ದೊಡ್ಡದೊಂದು ವಿವಾದ ಎದ್ದಿತ್ತು. ಸಂತರು ವಿಧಿಸಿದ ಬಡತನವನ್ನು ಅಕ್ಷರಶಃ ಪಾಲಿಸಬೇಕೇ, ಅಥವಾ ಮಠಗಳು ಬೆಳೆದಂತೆ ನಿಯಮವನ್ನು ಸಡಿಲಿಸಬಹುದೇ? ರೋಗಿಗಳ ಆರೈಕೆಗೂ ಕಿರಿಯರ ವಿದ್ಯಾಭ್ಯಾಸಕ್ಕೂ ಒಂದು ನೆಲೆ ಬೇಡವೇ ಎಂದು ಕೇಳಿದವರನ್ನು ನಾವು ಸುಲಭವಾಗಿ ದೂಷಿಸಲಾರೆವು. ದೇವಾಲಯದ ಕಟ್ಟಡಕ್ಕೆಂದು ಕಾಸಿಗೆ ಕಾಸು ಕೂಡಿಸಿದವರು ನಾವೂ ಹೌದಷ್ಟೆ. ತೋಮಸರಾದರೋ ಸಡಿಲಿಕೆಗೆ ಒಪ್ಪಲಿಲ್ಲ. ಆದಕಾರಣ ಅವರ ಸ್ವಂತ ಸಹೋದರರೇ ಅವರನ್ನೂ ಅವರ ಸಂಗಡಿಗರನ್ನೂ ಸೆರೆಯಲ್ಲಿಟ್ಟರು. ಪುಸ್ತಕಗಳಿರಲಿ, ಪವಿತ್ರ ಸಂಸ್ಕಾರಗಳೂ ಅವರಿಗೆ ದೊರೆಯದಾದವು.

1289ರಲ್ಲಿ ಸಭೆಯ ಮಹಾಶ್ರೇಷ್ಠರಾಗಿ ಆರಿಸಿಬಂದ ರೇಮಂಡರು ಈ ಸೆರೆಯಾಳುಗಳ ಸಂಗತಿಯನ್ನು ವಿಚಾರಿಸಿ ಅವರನ್ನು ಬಿಡುಗಡೆ ಮಾಡಿದರು. ಅರಸ ಎರಡನೆಯ ಹೆಥೂಮನ ಕೋರಿಕೆಯ ಮೇರೆಗೆ ಆರ್ಮೇನಿಯಕ್ಕೆ ಕಳುಹಿಸಿದರು. ಸೆರೆಯ ಸಂಗಡಿಗರಲ್ಲಿ ಒಬ್ಬರಾದ ಆಂಜೆಲೊ ಕ್ಲಾರೆನೊ ಮುಂದೆ ಗ್ರೀಕ್ ಭಾಷೆಯನ್ನು ಕಲಿತು, ಸಂತ ಯೋಹಾನ್ನ ಕ್ಲೀಮಾಕಸರ ಧ್ಯಾನಗ್ರಂಥವನ್ನು ಲತೀನಿಗೆ ಅನುವಾದಿಸಿದರು. ತಮ್ಮ ಬಳಗದ ಕಷ್ಟಸಂಕಟಗಳ ಚರಿತ್ರೆಯನ್ನೂ ಬರೆದಿಟ್ಟರು. ತೋಮಸರ ಪಾಲಿಗೆ ಬಂದದ್ದು ಪ್ರಯಾಣ. ಪುಸ್ತಕ ಬರೆದ ಖ್ಯಾತಿ ಅವರದಲ್ಲ, ಪರರ ಪತ್ರಗಳನ್ನು ಹೊತ್ತ ಪುಣ್ಯ ಅವರದು.

ಆ ಪತ್ರಗಳಲ್ಲಿ ಮುಖ್ಯವಾದವು ಚೀನದಿಂದ ಬಂದವು. ಇಂದಿನ ಬೀಜಿಂಗಿನಲ್ಲಿ ಮೊಂತೆಕೊರ್ವಿನೋದ ಯೋಹಾನ್ನರೆಂಬ ಫ್ರಾನ್ಸಿಸ್ಕನರು ಹನ್ನೊಂದು ವರ್ಷ ಒಂಟಿಯಾಗಿದ್ದು, ಪಾಪನಿವೇದನೆ ಕೇಳುವ ಗುರುವೊಬ್ಬರೂ ಇಲ್ಲದೆ ದುಡಿದಿದ್ದರು. ಹೊಸ ಒಡಂಬಡಿಕೆಯನ್ನೂ ಕೀರ್ತನೆಗಳನ್ನೂ ತಾರ್ತಾರರ ಭಾಷೆಗೆ ತಂದಿದ್ದರು. ಸುಮಾರು 40 ಬಾಲಕರಿಗೆ ಪ್ರಾರ್ಥನೆ ಕಲಿಸಿ, ಅವರಿಗಾಗಿ ಕೀರ್ತನೆಗಳ 30 ಪ್ರತಿಗಳನ್ನು ಬರೆದಿದ್ದರು. ಈ ವಾರ್ತೆಯನ್ನು ತೋಮಸರು 1307ರಲ್ಲಿ ಪ್ವಾತಿಯೇ ನಗರದಲ್ಲಿ ಜಗದ್ಗುರು ಐದನೆಯ ಕ್ಲೆಮೆಂತರ ಸನ್ನಿಧಿಯಲ್ಲಿ ನಿವೇದಿಸಿದರು. ಜಗದ್ಗುರುಗಳು ಯೋಹಾನ್ನರನ್ನು ಮಹಾಧರ್ಮಾಧ್ಯಕ್ಷರನ್ನಾಗಿ ನೇಮಿಸಿ, ಏಳು ಮಂದಿ ಫ್ರಾನ್ಸಿಸ್ಕನರಿಗೆ ಧರ್ಮಾಧ್ಯಕ್ಷ ದೀಕ್ಷೆ ಕೊಡಿಸಿ ಕಳುಹಿಸಿದರು. ಒಮ್ಮೆ ಹಟಮಾರಿಯೆಂದು ಸೆರೆ ಕಂಡವರ ಮಾತಿಗೆ ಧರ್ಮಸಭೆಯ ಅತ್ಯುನ್ನತ ಪೀಠವೇ ಕಿವಿಗೊಟ್ಟಿತೆಂಬುದು ನಮಗೆ ಗಮನಾರ್ಹವಾಗಿ ಕಾಣುತ್ತದೆ.

ಅರವತ್ತು ದಾಟಿದ ಮೇಲೆ ತೋಮಸರು ತಾವೇ ಪೂರ್ವದೇಶಕ್ಕೆ ಹೊರಟರು. ಪಾದುವದ ಯಾಕೋಬ, ಸಿಯೆನದ ಪೇತ್ರ, ದುಭಾಷಿ ಸಹೋದರ ದೆಮೇತ್ರಿಯ, ದೊಮಿನಿಕನ್ ಗುರು ಜೋರ್ದಾನರು ಜೊತೆಗಿದ್ದರು. ಹೊರ್ಮುಜಿನಿಂದ ಕೊಲ್ಲಮಿಗೆ ಹೊರಟವರು ಠಾಣೆಯಲ್ಲಿ ಇಳಿಯಬೇಕಾಯಿತು. ಅಲ್ಲಿನ ನೆಸ್ತೋರಿಯನ್ ಕ್ರೈಸ್ತರು ಆಶ್ರಯವಿತ್ತರು. ಜೋರ್ದಾನರು ಭರೂಚದ ಕಡೆಗೆ ಹೋಗಿದ್ದಾಗ ಉಳಿದವರನ್ನು ಕಾಜಿಯ ಎದುರು ನಿಲ್ಲಿಸಿ, ವಿಶ್ವಾಸದ ವಿಷಯವಾಗಿ ಪ್ರಶ್ನಿಸಲಾಯಿತು. ಜಾಣತನದಿಂದ ನುಣುಚಿಕೊಳ್ಳಬಹುದಾಗಿದ್ದ ಕಡೆಯೂ ಅವರು ನುಣುಚಿಕೊಳ್ಳಲಿಲ್ಲ. ಏಪ್ರಿಲ್ 9ರಂದು ತೋಮಸ, ಯಾಕೋಬ, ದೆಮೇತ್ರಿಯರೂ ಎರಡು ದಿನಗಳ ತರುವಾಯ ಪೇತ್ರರೂ ಹತರಾದರು. ಸುದ್ದಿ ತಿಳಿದು ಮರಳಿದ ಜೋರ್ದಾನರು ದೇಹಗಳನ್ನು ಸೋಪಾರದಲ್ಲಿ ಸಮಾಧಿ ಮಾಡಿ, ಅದೇ ವರ್ಷ ಈ ಮರಣದ ವೃತ್ತಾಂತವನ್ನು ತಮ್ಮವರಿಗೆ ಬರೆದು, ಇನ್ನಷ್ಟು ಗುರುಗಳನ್ನು ಕಳುಹಿಸಿರೆಂದು ಬೇಡಿಕೊಂಡರು.

ಕೆಲವು ವರ್ಷಗಳ ಅನಂತರ ಪೊರ್ದೆನೋನೆಯ ಒದೋರಿಕರು ಆ ಪುಣ್ಯಾಸ್ಥಿಗಳನ್ನು ಹಡಗಿನಲ್ಲಿ ಕೊಲ್ಲಮಿಗೂ ಅಲ್ಲಿಂದ ಚೀನದ ಜೈತೂನ್ ಬಂದರಿಗೂ ಒಯ್ದರು. ನಮ್ಮ ಅಘನಾಶಿನಿ ಘಟ್ಟವಿಳಿದು ಸೇರುವ ಕಡಲಿನ ಮೂಲಕವೇ ಆ ಹಡಗು ಸಾಗಿದ್ದು. ತೋಮಸರ ಗೌರವಾರಾಧನೆಯನ್ನು ಜಗದ್ಗುರು ಹದಿಮೂರನೆಯ ಲಿಯೋರವರು 1894ರಲ್ಲಿ ಸ್ಥಿರಪಡಿಸಿದರು. ಅವರ ಸ್ಮರಣೆಯ ದಿನ ಏಪ್ರಿಲ್ 9.