ರಂಗಮಂದಿರದಿಂದ ಬೆಥಾನಿಯಕ್ಕೆ

ಯೇಸುಸ್ವಾಮಿಯ ಪಾದಗಳನ್ನು ಕಣ್ಣೀರಿನಿಂದ ತೊಳೆದ ಪಾಪಿ ಸ್ತ್ರೀಯನ್ನು ನೀವು ಬಲ್ಲಿರಿ. ಪ್ರಭು ಆಕೆಯನ್ನು ಕ್ಷಮಿಸಿದರು. ಊಟಕ್ಕೆ ಕುಳಿತಿದ್ದವರು ಮಾತ್ರ ಗೊಣಗಿದರು. ಆ ಕ್ಷಮೆಯನ್ನೂ ಆ ಗೊಣಗಾಟವನ್ನೂ ಒಟ್ಟಿಗೆ ಉಂಡ ಇನ್ನೊಬ್ಬಳಿದ್ದಾಳೆ. ಅವಳೇ ಫ್ರಾನ್ಸಿನ ನಟಿ ಈವ್ ಲಾವಾಲಿಯೇರ್.

ಆಕೆ ಹುಟ್ಟಿದ್ದು 1866ರ ಏಪ್ರಿಲ್ 1ರಂದು, ತೂಲೋನ್ ಎಂಬ ಬಂದರು ನಗರದಲ್ಲಿ. ಆಗಿನ ಹೆಸರು ಯೂಜೆನಿ ಫೆನೆಗ್ಲಿಯೊ. ತಂದೆ ದರ್ಜಿ, ಮಹಾ ಮುಂಗೋಪಿ. 1884ರ ಮಾರ್ಚ್ ತಿಂಗಳ ಒಂದು ದಿನ ಜಗಳ ವಿಕೋಪಕ್ಕೆ ಹೋಗಿ, ಆತ ಹೆಂಡತಿಗೆ ಗುಂಡು ಹಾರಿಸಿ ತಾನೂ ಪ್ರಾಣ ಕಳೆದುಕೊಂಡ. ಹದಿನೆಂಟು ತುಂಬದ ಮಗಳು ಒಂದೇ ದಿನದಲ್ಲಿ ಅನಾಥೆಯಾದಳು. ಅವಳ ಮುಂದಿನ ಬಾಳನ್ನು ಅಳೆಯುವ ಮುನ್ನ ಈ ಗಾಯವನ್ನು ಮರೆಯಬೇಡಿ.

ಹೊಟ್ಟೆಪಾಡಿಗಾಗಿ ನಾಟಕದ ತಂಡ ಸೇರಿದ ಈಕೆ ಪ್ಯಾರಿಸಿನ ವರಿಯೇತೆ ರಂಗಮಂದಿರದ ತಾರೆಯಾಗಿ ಬೆಳೆದಳು. 1908ರ ಲ ರ್ವಾ, 1912ರ ಲಾಬಿ ವೇರ್ ಮುಂತಾದ ಹಾಸ್ಯನಾಟಕಗಳಲ್ಲಿ ನಗರವನ್ನೇ ನಗಿಸಿದಳು. ಹಣ, ಒಡವೆ, ಕೀರ್ತಿ ಎಲ್ಲವೂ ಬಂದವು. ವಿವಾಹಸಂಸ್ಕಾರವಿಲ್ಲದೆ ರಂಗಮಂದಿರದ ನಿರ್ದೇಶಕನೊಡನೆ ಬಾಳಿ ಮಗಳೊಬ್ಬಳನ್ನು ಹೆತ್ತಳು. ಬೇರೆ ಸಂಬಂಧಗಳೂ ಇದ್ದವು. ನಗಿಸುತ್ತಿದ್ದವಳ ಮನಸ್ಸಿಗೆ ಮಾತ್ರ ನೆಮ್ಮದಿ ಇರಲಿಲ್ಲ.

1917ರಲ್ಲಿ, ಮಹಾಯುದ್ಧದ ನಡುವೆ, ಆಕೆ ವಿಶ್ರಾಂತಿಗೆಂದು ತೂರೇನ್ ಪ್ರಾಂತ್ಯದ ಶಾನ್ಸೊ ಎಂಬ ಹಳ್ಳಿಗೆ ಬಂದಳು. ಅಲ್ಲಿನ ವಿಚಾರಣಾ ಗುರುಗಳೊಡನೆ ಮಾತನಾಡುತ್ತಾ, ಯೌವನ ಉಳಿಯಲೆಂದು ಒಮ್ಮೆ ಸೈತಾನನನ್ನು ಕರೆದದ್ದನ್ನು ತಮಾಷೆಯಾಗಿ ಹೇಳಿಕೊಂಡಳು. ಗುರುಗಳು ನಗಲಿಲ್ಲ, ಗಾಬರಿಯಿಂದ ಎಚ್ಚರಿಸಿದರು. ಅವರ ಗಾಬರಿ ಕಂಡು ಅವಳು ಯೋಚನೆಗೆ ಬಿದ್ದಳು. ಸೈತಾನನಿರುವುದು ನಿಜವಾದರೆ ದೇವರೂ ನಿಜ. ಹಾಗಾದರೆ ತನ್ನ ಗತಿಯೇನು? ಗುರುಗಳು ಮಗ್ದಲದ ಮರಿಯಳ ಚರಿತ್ರೆಯನ್ನು ಓದಲು ಕೊಟ್ಟರು. ಓದುತ್ತಾ ಓದುತ್ತಾ ಅವಳು ಅತ್ತಳು. ಆ ಜೂನ್ ತಿಂಗಳಲ್ಲಿ, ಐವತ್ತೊಂದರ ವಯಸ್ಸಿನಲ್ಲಿ, ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸಿದಳು. ಮತ್ತೆ ರಂಗ ಹತ್ತಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಸುಲಭ! ಕಾರ್ಮೆಲ್ ಮಠ ಸೇರಬೇಕೆಂಬುದು ಅವಳ ಹಂಬಲ. ಅವಳ ರಂಗನಾಮವು ಲೂಯಿಸ್ ದ ಲಾ ವಾಲಿಯೇರ್ ಎಂಬಾಕೆಯನ್ನು ನೆನಪಿಗೆ ತರುತ್ತದೆ. ಅರಸ ಹದಿನಾಲ್ಕನೇ ಲೂಯಿಯ ಉಪಪತ್ನಿಯಾಗಿದ್ದ ಆ ಸ್ತ್ರೀಗೆ 1674ರಲ್ಲಿ ಕಾರ್ಮೆಲ್ ಬಾಗಿಲು ತೆರೆಯಿತು. ಈ ನಟಿಗೆ ತೆರೆಯಲಿಲ್ಲ. ಆರೋಗ್ಯ ಸಾಲದು, ಹೆಸರು ತೀರಾ ಪ್ರಸಿದ್ಧ ಎಂಬ ಕಾರಣಗಳು ಅಡ್ಡ ಬಂದವು.

ನಾವಾಗಿದ್ದರೆ ಮುನಿಸಿಕೊಂಡು ಹಿಂದಿರುಗುತ್ತಿದ್ದೆವೋ ಏನೋ. ಅವಳು ಹಿಂದಿರುಗಲಿಲ್ಲ. ವೋಜ್ ಪ್ರಾಂತ್ಯದ ಥ್ವಿಲಿಯೇರ್ ಹಳ್ಳಿಯಲ್ಲಿ ಚಿಕ್ಕ ಮನೆ ಮಾಡಿ, ಅದಕ್ಕೆ ಬೆಥಾನಿಯ ಎಂದು ಹೆಸರಿಟ್ಟಳು. ಸಂತ ಫ್ರಾನ್ಸಿಸರ ತೃತೀಯ ಸಭೆಯ ಸದಸ್ಯೆಯಾದಳು. ಟ್ಯುನೀಸಿಯಾದಲ್ಲಿ ಕೆಲಕಾಲ ರೋಗಿಗಳ ಸೇವೆ ಮಾಡಿದಳು. ಕೊನೆಗೆ ಕಾಯಿಲೆ ಅವಳನ್ನೇ ಹಿಡಿಯಿತು. ಸಾವಿರಾರು ಜನ ಮೆಚ್ಚಿದ್ದ ಕಣ್ಣುಗಳು ತೀವ್ರ ನೋವಿಗೆ ತುತ್ತಾದವು. ಅದನ್ನೂ ತನ್ನ ಪಾಪಗಳ ಪ್ರಾಯಶ್ಚಿತ್ತವಾಗಿ ದೇವರಿಗೆ ಅರ್ಪಿಸಿ, 1929ರ ಜುಲೈ 10ರಂದು ಅದೇ ಮನೆಯಲ್ಲಿ ಕಣ್ಮುಚ್ಚಿದಳು. ಆ ಹಳ್ಳಿಯ ಮಣ್ಣಿನಲ್ಲೇ ಅವಳ ಸಮಾಧಿಯಿದೆ.

ಪ್ರಿಯರೇ, ಧರ್ಮಸಭೆ ಆಕೆಯನ್ನು ಸಂತಳೆಂದು ಘೋಷಿಸಿಲ್ಲ. ಆದರೂ ಆಕೆ ನಮಗೆ ಎರಡು ಪ್ರಶ್ನೆ ಕೇಳುತ್ತಾಳೆ. ಬಯಸಿದ ಬಾಗಿಲು ಮುಚ್ಚಿದಾಗ ನಮ್ಮ ಪ್ರಾರ್ಥನೆಯೂ ನಿಂತುಹೋಗುತ್ತದೆಯೇ? ಹಿಂದಿನ ಬಾಳಿನ ಮಾತು ಹೊತ್ತುಕೊಂಡು ಒಬ್ಬಳು ನಮ್ಮ ದೇವಾಲಯದ ಕೊನೆಯ ಬೆಂಚಿನಲ್ಲಿ ಬಂದು ಕುಳಿತರೆ, ನಾವು ಸರಿದು ಜಾಗ ಕೊಡುತ್ತೇವೆಯೇ, ಇಲ್ಲವೇ ತಿರುಗಿ ನೋಡಿ ಪಿಸುಗುಟ್ಟುತ್ತೇವೆಯೇ? ಕ್ಷಮಿಸುವವರು ದೇವರು. ಆ ಕ್ಷಮೆಗೆ ಒಂದು ಮನೆಯಂಗಳ ಒದಗಿಸುವ ಕೆಲಸವನ್ನು ಅವರು ನಮಗೆ ಬಿಟ್ಟಿದ್ದಾರೆ. ಈ ಭಾನುವಾರ ಬಲಿಪೂಜೆಗೆ ಹೊರಡುವಾಗ ಅದನ್ನು ನೆನೆಯಿರಿ.