ಎಂ. ವಿ. ಗೋಪಾಲಸ್ವಾಮಿ

ಡಾ. ಎಂ. ವಿ. ಗೋಪಾಲಸ್ವಾಮಿ (1896–1957) ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿ ಅದಕ್ಕೆ ಆಕಾಶವಾಣಿ ಎಂಬ ಹೆಸರಿಟ್ಟರು. ಕನ್ನಡ ನಾಡಿನ ಬಾನುಲಿಯ ಚರಿತ್ರೆ ಅಲ್ಲಿಂದ ಆರಂಭವಾಗುತ್ತದೆ.

ಶಿಕ್ಷಣ ಮತ್ತು ವೃತ್ತಿ

ಗೋಪಾಲಸ್ವಾಮಿ ಲಂಡನ್ನಿನಲ್ಲಿ ಪ್ರಸಿದ್ಧ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ನಡೆಸಿದರು. ಬ್ರಜೇಂದ್ರನಾಥ ಸೀಲ್ ಕುಲಪತಿಗಳಾಗಿದ್ದಾಗ, 1924ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಪ್ರಾರಂಭವಾಯಿತು. ಅದರ ಹೊಣೆಯನ್ನು ಇವರು ವಹಿಸಿಕೊಂಡರು. ಭಾರತದಲ್ಲಿ ಕಲ್ಕತ್ತದ ನಂತರ ಸ್ಥಾಪನೆಯಾದ ವಿಭಾಗವಿದು.

ಬಾನುಲಿ ಕೇಂದ್ರ

ಕೇಂದ್ರವು 1935ರ ಸೆಪ್ಟೆಂಬರ್ 10ರಂದು ಗೋಪಾಲಸ್ವಾಮಿಯವರ ನಿವಾಸವಾದ ವಿಠಲ ವಿಹಾರದಲ್ಲಿ ಪ್ರಾರಂಭವಾಯಿತು. ಈ ಮನೆ ಇಂದಿನ ಮೈಸೂರು ಆಕಾಶವಾಣಿ ಕಟ್ಟಡಕ್ಕೆ ಸಮೀಪದಲ್ಲಿದೆ. ಮೊದಲ ಪ್ರಸಾರದಲ್ಲಿ ಕುವೆಂಪು ಅವರು ತಮ್ಮ ಕವಿತೆಯನ್ನು ವಾಚಿಸಿದರು. ಆಗಿನ ಪ್ರೇಷಕದ ಶಕ್ತಿ ಕೇವಲ 30 ವ್ಯಾಟ್, ಅಂದರೆ ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ ಸಾಧಾರಣ ಬಲ್ಬಿನದಕ್ಕಿಂತಲೂ ಕಡಿಮೆ. ಮುಂದೆ 250 ವ್ಯಾಟ್ ಸಾಮರ್ಥ್ಯದ ಪ್ರೇಷಕವನ್ನು ತರಿಸಲಾಯಿತು. ಆಗ ಮಂಡ್ಯ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಚಿಕ್ಕರಸಿನಕೆರೆಯಂತಹ ಮದ್ದೂರು ಸೀಮೆಯ ಹಳ್ಳಿಗಳೂ 1939ರವರೆಗೆ ಮೈಸೂರು ಜಿಲ್ಲೆಗೇ ಸೇರಿದ್ದವು. ಆದರೆ ರೇಡಿಯೊ ಪೆಟ್ಟಿಗೆ ಕೊಳ್ಳುವ ಶಕ್ತಿ ಹಳ್ಳಿಯ ಬಹುತೇಕ ಮನೆಗಳಿಗೆ ಇರಲಿಲ್ಲವಾದ್ದರಿಂದ ಆರಂಭದ ಶ್ರೋತೃಗಳು ಹೆಚ್ಚಾಗಿ ನಗರದವರೇ.

ಸಂಗೀತ, ಕವಿತಾ ವಾಚನ, ಭಾಷಣ ಮೊದಲಾದವು ಕಾರ್ಯಕ್ರಮಗಳಾಗಿದ್ದವು. ಧ್ವನಿಮುದ್ರಣ ಸುಲಭವಲ್ಲದ ಕಾಲವಾದ್ದರಿಂದ ಕಲಾವಿದರು ಸ್ವತಃ ಬಂದು ಧ್ವನಿಗ್ರಾಹಕದ ಮುಂದೆ ಕುಳಿತುಕೊಳ್ಳಬೇಕಿತ್ತು. ತಪ್ಪಾದರೆ ತಿದ್ದಲು ಅವಕಾಶವಿರಲಿಲ್ಲ. ವಿಶೇಷವೆಂದರೆ ಇದು ಸರ್ಕಾರದ ಯೋಜನೆಯಾಗಿರಲಿಲ್ಲ. ಅಧ್ಯಾಪಕರೊಬ್ಬರ ಖಾಸಗಿ ಆಸಕ್ತಿ. ಖರ್ಚನ್ನು ಅವರು ಮೊದಲು ತಾವೇ ಹೊತ್ತರು. ಅನಂತರ ಸಾರ್ವಜನಿಕರೂ ಮೈಸೂರು ಪುರಸಭೆಯೂ ನೆರವಾದುದುಂಟು. ಆದರೂ ಒಬ್ಬ ವ್ಯಕ್ತಿ ಬಹುಕಾಲ ನಡೆಸಬಹುದಾದ ಕೆಲಸ ಅದಾಗಿರಲಿಲ್ಲ. 1942ರಲ್ಲಿ ಮೈಸೂರು ಸಂಸ್ಥಾನವು ಕೇಂದ್ರವನ್ನು ವಹಿಸಿಕೊಂಡಿತು.

ಹೆಸರಿನ ವಿಚಾರ

ಆಕಾಶವಾಣಿ ಎಂಬ ಹೆಸರನ್ನು ಸಾಮಾನ್ಯವಾಗಿ ಗೋಪಾಲಸ್ವಾಮಿಯವರೇ ಕೊಟ್ಟರೆಂದು ಹೇಳಲಾಗುತ್ತದೆ. ಸೂಚಿಸಿದವರು ಸಾಹಿತಿ ನಾ. ಕಸ್ತೂರಿ ಎಂಬ ಅಭಿಪ್ರಾಯವೂ ಇದೆ. ಪುರಾಣಗಳಲ್ಲಿ ಅಶರೀರವಾಣಿಯನ್ನು ಸೂಚಿಸುವ ಈ ಪದ ಹೊಸ ಯಂತ್ರಕ್ಕೆ ಚೆನ್ನಾಗಿ ಒಪ್ಪಿತು. ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಂದದ್ದು 1936ರ ಜೂನ್‌ನಲ್ಲಿ, ಅಂದರೆ ಮೈಸೂರಿನ ಆಕಾಶವಾಣಿಯ ನಂತರ. 1950ರ ದಶಕದಲ್ಲಿ ಆ ಸಂಸ್ಥೆಯೇ ಆಕಾಶವಾಣಿ ಎಂಬ ಹೆಸರನ್ನು ಸ್ವೀಕರಿಸಿತು. ಮೈಸೂರಿನ ಮನೆಯೊಂದರಲ್ಲಿ ಬಳಕೆಗೆ ಬಂದ ಮಾತು ಹೀಗೆ ದೇಶದ್ದಾಯಿತು.

ಕೇಂದ್ರದ ಮುಂದಿನ ದಿನಗಳು

1950ರಲ್ಲಿ ಕೇಂದ್ರವು ಆಲ್ ಇಂಡಿಯಾ ರೇಡಿಯೊದ ಆಡಳಿತಕ್ಕೆ ಬಂತು. 1955ರ ನವೆಂಬರ್ 2ರಂದು ಅದು ಬೆಂಗಳೂರಿಗೆ ಸ್ಥಳಾಂತರಗೊಂಡಿತು. ತಾನು ಹುಟ್ಟಿದ ಊರಿನಲ್ಲೇ ಆಕಾಶವಾಣಿಗೆ ನೆಲೆಯಿಲ್ಲದಂತಾದುದು ಮೈಸೂರಿಗರಿಗೆ ನಷ್ಟವೇ ಸರಿ. ಇದಾದ ಎರಡು ವರ್ಷಗಳಲ್ಲಿ ಗೋಪಾಲಸ್ವಾಮಿ ನಿಧನರಾದರು. ಮೈಸೂರಿನಲ್ಲಿ ಮತ್ತೆ ಕೇಂದ್ರ ಪ್ರಾರಂಭವಾದುದು 1974ರ ನವೆಂಬರ್ 14ರಂದು. ಈಗ ಅದು ಎಫ್‌ಎಂ ತರಂಗಾಂತರದಲ್ಲಿ ಪ್ರಸಾರ ಮಾಡುತ್ತಿದ್ದು, ಮಂಡ್ಯ ಜಿಲ್ಲೆಯಲ್ಲಿಯೂ ಕೇಳುತ್ತದೆ.